ಪಂಪಿನ ಚಕ್ರ ಗಟ್ಟಿಯಾದ ಮಧ್ಯಾಹ್ನ

ಬೇರೆ ಊರುಗಳಲ್ಲಿ ಕರಗಿದ ಲೋಹ ತಣ್ಣಗಾದರೆ ತಾನಾಗಿಯೇ ಗಟ್ಟಿಯಾಗುತ್ತದಂತೆ. ಡಾಕ್ಟರ್ ಫಣೀಂದ್ರ ಇದನ್ನು ಮೊದಲ ಸಲ ಹೇಳಿದಾಗ ನಾನು ನಕ್ಕುಬಿಟ್ಟಿದ್ದೆ. ಯಾರೂ ಪಕ್ಕದಲ್ಲಿ ಇರಬೇಕಾಗಿಲ್ಲವಂತೆ. ಎರಕ ಹೊಯ್ದು, ಬಾಗಿಲು ಹಾಕಿಕೊಂಡು ಮನೆಗೆ ಹೋಗಿ, ಉಂಡು ಮಲಗಿ ಬೆಳಿಗ್ಗೆ ಬಂದರೆ ಚೊಂಬು ಸಿದ್ಧವಾಗಿರುತ್ತದಂತೆ. ಇಷ್ಟು ಪುಕ್ಕಟೆಯಾಗಿ ಸಿಕ್ಕುವ ಚೊಂಬಿನ ಮೇಲೆ ಆ ಊರಿನವರಿಗೆ ಏನು ಮರ್ಯಾದೆ ಇರುತ್ತದೋ ದೇವರೇ ಬಲ್ಲ.

ನಮ್ಮೂರಿನಲ್ಲಿ ಹಾಗಿಲ್ಲ. ಇಲ್ಲಿ ಅಚ್ಚಿಗೆ ಹೊಯ್ದ ಲೋಹ ತಣ್ಣಗಂತೂ ಆಗುತ್ತದೆ. ಬೆರಳಿಟ್ಟರೆ ಬಾವಿಯ ನೀರಿನಷ್ಟೇ ತಂಪು. ಆದರೆ ನೀರಿನ ಹಾಗೆಯೇ ತುಳುಕುತ್ತಲೂ ಇರುತ್ತದೆ. ಪಕ್ಕದಲ್ಲಿ ಕೂತವರು ಯಾರಾದರೂ ಏನಾದರೊಂದು ನಿರ್ಧಾರ ಮಾಡುವವರೆಗೂ ಅದರ ಪಾಡು ಅಷ್ಟೆ. ಮಾಡಿದ ಕ್ಷಣ ಒಮ್ಮೆ ಝಗ್ಗನೆ ಕೆಂಪಗೆ ಹೊಳೆದು, ಸುತ್ತ ಕೂತವರ ಮುಖಕ್ಕೆ ಬಿಸಿ ತಾಗಿಸಿ, ಗಟ್ಟಿಯಾಗಿಬಿಡುತ್ತದೆ. ನಿರ್ಧಾರ ಸಣ್ಣದಾದರೆ ಉಂಗುರ, ಸೌಟು. ದೊಡ್ಡದಾದರೆ ಕೊಪ್ಪರಿಗೆ, ಗಂಟೆ. ಕಾಫಿಯೋ ಟೀಯೋ ಎನ್ನುವಂಥವು ಲೆಕ್ಕಕ್ಕೆ ಬರುವುದಿಲ್ಲ, ಅವು ಅಭ್ಯಾಸಗಳು.

ಹೀಗಾಗಿ ನಮ್ಮ ಜನ ಮನೆಯಲ್ಲಿ ಕೂತು ಯಾವುದನ್ನೂ ತೀರ್ಮಾನಿಸುವುದಿಲ್ಲ. ಮಗಳಿಗೆ ನೋಡಿದ ಗಂಡು ಒಪ್ಪಿಗೆಯೋ, ಅಣ್ಣತಮ್ಮಂದಿರು ಬೇರೆಯಾಗುವುದೋ ಬೇಡವೋ, ಹಲ್ಲು ಕೀಳಿಸುವುದೋ ಇನ್ನೊಂದು ವಾರ ಲವಂಗದ ಎಣ್ಣೆ ಹಚ್ಚುವುದೋ, ಎಲ್ಲದಕ್ಕೂ "ಯೋಚ್ನೆ ಮಾಡಿ ಹೇಳ್ತೀವಿ" ಎಂದು ನನ್ನ ಸೋದರತ್ತೆಯ ಎರಕದ ಮನೆಗೆ ಬಂದು ಜಗಲಿಯ ಮೇಲೆ ಕೂರುತ್ತಾರೆ. ಅತ್ತೆಯ ಹೆಸರು ತುಂಗಮ್ಮ, ಊರಿಗೆಲ್ಲ ತುಂಗತ್ತೆ. ಲೋಹ ಹೊಳೆದು ಗಟ್ಟಿಯಾದ ಮೇಲೆ ಅವಳು ಪಾತ್ರೆಯ ತಳದಲ್ಲಿ ಉಳಿಯಿಂದ ನಿರ್ಧಾರವನ್ನು ಕೆತ್ತಿ ಅವರ ಕೈಗೇ ಕೊಡುತ್ತಾಳೆ. ನಮ್ಮೂರಿನಲ್ಲಿ ಯಾರ ಮನೆಗೆ ಹೋಗಿ ಯಾವ ಲೋಟ ಮಗುಚಿದರೂ ಅವರ ಸಂಸಾರ ಓದಬಹುದು: "ಮೀಸೆ ತೆಗೆದದ್ದು", "ನಾದಿನಿಯ ಜೊತೆ ಮಾತು ಬಿಟ್ಟದ್ದು", "ನಾದಿನಿಯ ಜೊತೆ ಮಾತು ಆಡಿದ್ದು".

ಮಾತಿಗೆ ತಪ್ಪಿದರೆ ಪಾತ್ರೆ ಸೀಳುತ್ತದೆ. ಎಲ್ಲಿದ್ದರೂ ಸರಿ, ಯಾರೂ ನೋಡದಿದ್ದರೂ ಸರಿ, ಕೂದಲೆಳೆಯಷ್ಟು ಬಿರುಕು ಬಿಟ್ಟು ಸೋರುತ್ತದೆ. ನಮ್ಮ ತಾತ ನಶ್ಯ ಬಿಡುತ್ತೇನೆಂದು ಮಾಡಿಸಿದ ಚೊಂಬುಗಳ ಸಾಲೇ ನಮ್ಮ ಹಿತ್ತಿಲಲ್ಲಿದೆ. ಎಲ್ಲವೂ ಸೋರುತ್ತವೆ, ಎಲ್ಲದರಲ್ಲೂ ಕನಕಾಂಬರ ಚೆನ್ನಾಗಿ ಬಂದಿದೆ. ಸತ್ತವರ ನಿರ್ಧಾರ ಮಾತ್ರ ಎಂದೂ ಸೀಳುವುದಿಲ್ಲ, ಅದಕ್ಕೇ ಹಳೆಯ ಪಾತ್ರೆಗಳಿಗೆ ಇಲ್ಲಿ ಬಹಳ ಬೇಡಿಕೆ.

ಫಣೀಂದ್ರ ಬಂದದ್ದು ಇದನ್ನೆಲ್ಲ ಅಧ್ಯಯನ ಮಾಡಲು. ಮಿಶ್ರಲೋಹಗಳು ಹೇಗೆ ಗಟ್ಟಿಯಾಗುತ್ತವೆ ಎಂಬುದರ ಮೇಲೆ ಸಂಶೋಧನೆ ಮಾಡುವ ಸರ್ಕಾರಿ ಕೇಂದ್ರವೊಂದು ನಮ್ಮಲ್ಲಿದೆ. ಅದರ ಪೂರ್ತಿ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಲಾಗದೆ ಜನ ಹರಳು ಕಚೇರಿ ಎನ್ನುತ್ತಾರೆ. ನಾನು ಅಲ್ಲಿ ಸಹಾಯಕಿ. ಲೋಹದ ತುಂಡನ್ನು ಕೊಯ್ದು, ಉಜ್ಜುಕಾಗದದಲ್ಲಿ ಕನ್ನಡಿಯಷ್ಟು ನುಣ್ಣಗೆ ತಿಕ್ಕಿ, ಮೇಲೊಂದು ಹನಿ ಆಸಿಡ್ ಸವರಿ, ಸೂಕ್ಷ್ಮದರ್ಶಕದಲ್ಲಿ ಇಣುಕುವುದು ನನ್ನ ಕೆಲಸ. ಹಾಗೆ ಇಣುಕಿದರೆ ಒಳಗೆ ಸಣ್ಣ ಸಣ್ಣ ಗಿಡಗಳ ತೋಪು ಕಾಣುತ್ತದೆ. ಕಾಂಡ, ಕಾಂಡಕ್ಕೆ ಕೊಂಬೆ, ಕೊಂಬೆಗೆ ರೆಂಬೆ. ಲೋಹ ಗಟ್ಟಿಯಾಗುವಾಗ ಹರಳುಗಳು ಹೀಗೆ ಬೆಳೆಯುತ್ತವೆ. ಕಂಚಿನಲ್ಲಿ ಇನ್ನೂ ಒಂದು ಸೊಗಸಿದೆ. ತಾಮ್ರದ ಪಾಲು ಹೆಚ್ಚಿರುವ ಕಾಂಡಗಳು ಮೊದಲು ನಿಲ್ಲುತ್ತವೆ, ತವರ ಮಾತ್ರ ಕೊನೆಯವರೆಗೂ ಸಂದಿಗೊಂದಿಗಳಲ್ಲಿ ಹರಿದಾಡಿಕೊಂಡಿದ್ದು, ಇನ್ನು ಜಾಗವೇ ಇಲ್ಲ ಎಂದಾಗ ಅಲ್ಲಲ್ಲೇ ನಿಲ್ಲುತ್ತದೆ. ನಾನು ತವರದ ಪೈಕಿ. ಮೂವತ್ತಾರು ದಾಟಿದ್ದರೂ ನನ್ನ ಹೆಸರಿನಲ್ಲಿ ಊರಿನಲ್ಲಿ ಒಂದು ಸೌಟೂ ಇರಲಿಲ್ಲ. ನೋಡಲು ಬಂದ ಗಂಡುಗಳಿಗೆಲ್ಲ ಯೋಚನೆ ಮಾಡಿ ಹೇಳುತ್ತೇನೆ ಎಂದಿದ್ದೆ. ಯೋಚನೆ ಮುಗಿಯುವ ಮೊದಲೇ ಅವರಿಗೆಲ್ಲ ಮಕ್ಕಳಾದವು.

"ಅಂಬುಜಾ, ಒಂದು ಪಾವು ಅಕ್ಕಿಗೆ ಒಲೆ ಹಚ್ಚೋದು ಒಲೆಗೇ ಅವಮಾನ ಕಣೇ" ಎಂದು ಅತ್ತೆ ಹಂಗಿಸುತ್ತಿದ್ದಳು. ಬೆಳಿಗ್ಗೆ ಒಂದು ಪಾವು ಅಕ್ಕಿ ಬೇಯಿಸಿದರೆ ಎರಡು ಹೊತ್ತಿಗೆ ನನಗೆ ಸಾಕಾಗುತ್ತಿತ್ತು.

ಫಣೀಂದ್ರ ಇನ್ನೊಂದು ಬಗೆಯ ಮನುಷ್ಯ. ನನಗೆ ನಿರ್ಧಾರ ಮಾಡಲು ಬರುತ್ತಿರಲಿಲ್ಲ, ಅವರಿಗೆ ಅದರ ಅಗತ್ಯವೇ ಬೀಳುತ್ತಿರಲಿಲ್ಲ. ವಾರಕ್ಕೆ ಆಗುವಷ್ಟು ಒಂದೇ ಬಣ್ಣದ ಅಂಗಿಗಳು. ಖಾನಾವಳಿಯಿಂದ ಬರುವ ಒಂದೇ ಬಗೆಯ ಊಟದ ಡಬ್ಬಿ. ಬೇರೆಲ್ಲವನ್ನೂ ಮೇಲಿನ ಕಚೇರಿಯವರು ತೀರ್ಮಾನಿಸುತ್ತಿದ್ದರು. ಬಂದ ಹೊಸದರಲ್ಲಿ ಅವರು ಒಂದು ಮಣ್ಣಿನ ಬಟ್ಟಲಿಗೆ ಕಂಚು ಕರಗಿಸಿ ಹೊಯ್ದು ತಮ್ಮ ಮೇಜಿನ ಮೇಲಿಟ್ಟುಕೊಂಡು, ಎಷ್ಟು ಹೊತ್ತಿಗೆ ಗಟ್ಟಿಯಾಗುತ್ತದೋ ನೋಡೋಣ ಎಂದು ಕಾದರು. ವರ್ಷಗಳು ಕಳೆದರೂ ಅದು ಗಟ್ಟಿಯಾಗಲಿಲ್ಲ. ಸರ್ಕಾರಿ ಕಚೇರಿ, ಅಲ್ಲಿ ಯಾರು ತಾನೇ ಏನು ನಿರ್ಧಾರ ಮಾಡುತ್ತಾರೆ. ಹೊರಗೆ ಲಾರಿ ಹೋದಾಗಲೆಲ್ಲ ಬಟ್ಟಲಿನ ಕಂಚು ನಡುಗಿ ಸಣ್ಣ ಅಲೆಗಳೇಳುತ್ತಿದ್ದವು. ಅವರು ದಿನಾ ಅದರ ಉಷ್ಣಾಂಶ ಬರೆದುಕೊಂಡು, ಮೇಲೆ ಧೂಳು ಕೂರದ ಹಾಗೆ ತಟ್ಟೆ ಮುಚ್ಚಿ, ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಅವರು ಬಂದಮೇಲೆ ನಾವಿಬ್ಬರೂ ಸೇರಿ ಕಂಡುಹಿಡಿದದ್ದು ಒಂದು ಸಂಗತಿ. ಹರಳುಗಳು ನಿರ್ಧಾರ ಮಾಡಿದವರು ಕೂತ ಕಡೆಯಿಂದ ಹೊರಟು ಬೆಳೆಯುತ್ತವೆ. ಅಂದರೆ ಪಾತ್ರೆಯನ್ನು ಕೊಯ್ದು ನೋಡಿದರೆ ಆ ದಿನ ಎರಕದ ಮನೆಯಲ್ಲಿ ನಿಜವಾಗಿ ಮನಸ್ಸು ಮಾಡಿದವರು ಯಾರು ಎಂದು ಹೇಳಿಬಿಡಬಹುದು. ನಾವು ಹಿಗ್ಗಿ ಹೀರೇಕಾಯಿಯಾದೆವು. ಊರು ಹಿಗ್ಗಲಿಲ್ಲ. ಮೊದಲು ಕೊಯ್ದದ್ದೇ ಅಂಚೆ ಕಚೇರಿಯ ಗುಮಾಸ್ತರ ಮನೆಯ ತಪ್ಪಲೆ. ತಳದಲ್ಲಿ "ಮಗುವಿಗೆ ಹೆಸರಿಟ್ಟದ್ದು" ಎಂದಿತ್ತು, ಇಟ್ಟವನು ತಾನೇ ಎಂದು ಗುಮಾಸ್ತರು ಎದೆ ತಟ್ಟಿಕೊಂಡಿದ್ದರು. ಹರಳುಗಳು ನೋಡಿದರೆ ಅವರ ಅತ್ತೆ ಕೂತಿದ್ದ ಮೂಲೆಯಿಂದ ಬಂದಿದ್ದವು. ಆಮೇಲೆ ಆ ಮನೆಯಲ್ಲಿ ನಡೆದದ್ದನ್ನು ನಾನು ಬರೆಯುವುದಿಲ್ಲ. ಜನರ ಒಪ್ಪಿಗೆ ಇಲ್ಲದೆ ಯಾವ ಪಾತ್ರೆಯನ್ನೂ ಕೊಯ್ಯಕೂಡದು ಎಂದು ಪುರಸಭೆ ಠರಾವು ಮಾಡಿತು.

ನಿರ್ಧಾರದ ತೂಕ ಆಡುವವರ ಬಾಯಿಂದ ತಿಳಿಯುವುದಿಲ್ಲ ಎಂಬುದನ್ನೂ ನಾವು ಕಂಡುಕೊಂಡೆವು. ಗಂಡನ ಮನೆ ಬಿಟ್ಟೇ ಬಿಡುತ್ತೇನೆ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದವಳಿಂದ ಒಂದು ಸೌಟೂ ಗಟ್ಟಿಯಾಗಲಿಲ್ಲ. ಇನ್ನು ಮೇಲೆ ನನ್ನ ಚಪ್ಪಲಿಯನ್ನು ಬಾಗಿಲಿನ ಎಡಗಡೆ ಬಿಡುತ್ತೇನೆ ಅಂದುಕೊಂಡ ಒಬ್ಬ ಮುದುಕನಿಂದ ಮದುವೆ ಮನೆಯ ಕೊಪ್ಪರಿಗೆ ಗಟ್ಟಿಯಾಯಿತು. ಬಲಗಡೆ ಅವನ ತೀರಿಕೊಂಡ ಹೆಂಡತಿಯ ಚಪ್ಪಲಿ ಇತ್ತಂತೆ, ಅದನ್ನು ಇನ್ನು ಯಾರೂ ಅಲ್ಲಿಂದ ತೆಗೆಯಬಾರದು ಎಂದು ಅವನ ಆಸೆ. ಅದನ್ನು ಕೇಳಿ ಫಣೀಂದ್ರ ಅವತ್ತು ಬಟ್ಟಲಿನ ಉಷ್ಣಾಂಶ ಬರೆಯುವುದನ್ನೇ ಮರೆತರು. ನನಗೆ ಅವರ ಮೇಲೆ ಮನಸ್ಸಾದದ್ದು ಆ ದಿನವೇ ಇರಬೇಕು. ಆದರೆ ನಾನು ತವರ, ಹರಿದಾಡಿಕೊಂಡಿದ್ದೆ.

ಹೀಗಿರುವಾಗ ಊರಿನ ನೀರಿನ ಪಂಪಿನ ದೊಡ್ಡ ಕಂಚಿನ ಚಕ್ರ ಸೀಳಿತು. ಅದು ಪುರಸಭೆಯ ಹಳೆಯ ಅಧ್ಯಕ್ಷ ಮುದ್ದೀರಯ್ಯನವರ ನಿರ್ಧಾರದ ಮೇಲೆ ಗಟ್ಟಿಯಾದ ಚಕ್ರ. "ಇನ್ನು ಚುನಾವಣೆಗೆ ನಿಲ್ಲುವುದಿಲ್ಲ" ಎಂದು ಅದರ ಮೇಲೆ ಗೇಣುದ್ದದ ಅಕ್ಷರಗಳಲ್ಲಿ ಕೆತ್ತಿತ್ತು. ಈ ಸಲ ಅವರು ಯಾರಿಗೂ ಗೊತ್ತಾಗದ ಹಾಗೆ ಹಿಂಬಾಗಿಲಿನಿಂದ ಹೋಗಿ ನಾಮಪತ್ರ ಸಲ್ಲಿಸಿದರು. ಅವರು ಸಹಿ ಹಾಕಿ ಪೆನ್ನಿನ ಮುಚ್ಚಳ ಮುಚ್ಚುವಷ್ಟರಲ್ಲಿ ಊರಿನ ನಲ್ಲಿಗಳೆಲ್ಲ ಒಮ್ಮೆ ಗೊರ್ ಎಂದು ನಿಂತವು. ನೀರೂ ಹೋಯಿತು, ಮುದ್ದೀರಯ್ಯನವರ ಠೇವಣಿಯೂ ಹೋಯಿತು.

ಅತ್ತೆ ಹೊಸ ಚಕ್ರಕ್ಕೆ ಅಚ್ಚು ಕಟ್ಟಿ, ನೆಲದ ಗುಂಡಿಯಲ್ಲಿ ಇಳಿಸಿ, ಮೂಸೆಗಟ್ಟಲೆ ಕಂಚು ಹೊಯ್ದಳು. ಅದು ತಣ್ಣಗಾಗಿ, ಮೇಲೆ ನೊಣ ಕೂತು, ನೊಣ ಹಾರಿಹೋಗಿ, ಇನ್ನೂ ತುಳುಕುತ್ತಲೇ ಇತ್ತು. ಅಷ್ಟು ದೊಡ್ಡ ಚಕ್ರಕ್ಕೆ ತಕ್ಕ ನಿರ್ಧಾರ ಊರಿನಲ್ಲಿ ಯಾರ ಹತ್ತಿರವೂ ಉಳಿದಿರಲಿಲ್ಲ. ಒಬ್ಬ ಎಲೆಯಡಿಕೆ ಬಿಟ್ಟ. ಅಂಚಿನಲ್ಲಿ ಒಂದು ಕಿಡಿ ಮಿನುಗಿ ಆರಿತು. ಗರಡಿಯ ಉಸ್ತಾದರು ಬಂದು ತಮ್ಮನನ್ನು ಕ್ಷಮಿಸಿದ್ದೇನೆ ಎಂದರು. ಲೋಹ ಮಿನುಗಲೂ ಇಲ್ಲ. ವಿಚಾರಿಸಿದರೆ ಕ್ಷಮಿಸಿ ಯಾವ ಕಾಲವೋ ಆಗಿತ್ತು, ಹೇಳಲು ನಾಚಿಕೆಯಾಗಿ ಸುಮ್ಮನಿದ್ದರು. ಕೊನೆಗೆ ಅತ್ತೆಯೇ ಸೆರಗು ಸಿಕ್ಕಿಸಿ ನಿಂತು, "ಇವತ್ತಿಂದ ಎರಕದ ಮನೆ ಬಿಟ್ಟೆ, ನಂಗಿನ್ನು ಸಾಕು" ಎಂದಳು. ಕಂಚಿನಲ್ಲಿ ಒಂದು ಕಿಡಿಯೂ ಏಳಲಿಲ್ಲ. ಜಗಲಿಯ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕು, ಧೂಳು ಬೀಳದಿರಲೆಂದು ಗುಂಡಿಯ ಮೇಲೆ ಬಾಳೆಲೆ ಮುಚ್ಚಿದಳು.

ಆಗಲೇ ಮೇಲಿನ ಕಚೇರಿಯಿಂದ ಫಣೀಂದ್ರ ಅವರಿಗೆ ಆದೇಶ ಬಂದದ್ದು. ರಾಜಧಾನಿಯ ದೊಡ್ಡ ಪ್ರಯೋಗಾಲಯಕ್ಕೆ ಬರಬಹುದು, ಇಲ್ಲವೆ ಇಲ್ಲೇ ಖಾಯಂ ಆಗಿ ಇರಬಹುದು, ಆಯ್ಕೆ ನಿಮ್ಮದು ಎಂದಿತ್ತು. ಜೀವಮಾನದಲ್ಲಿ ಮೊದಲ ಸಲ ಯಾರೋ ಅವರಿಗೆ ಆಯ್ಕೆ ಕೊಟ್ಟಿದ್ದರು. ಅವರು ಆದೇಶವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿ ಡ್ರಾಯರಿನಲ್ಲಿಟ್ಟರು. ಸಂಜೆಯೊಳಗೆ ಸುದ್ದಿ ಊರೆಲ್ಲ ಹರಡಿ, ಖಾಲಿ ಕೊಡ ಹಿಡಿದವರೆಲ್ಲ ಹರಳು ಕಚೇರಿಯ ಮುಂದೆ ನಿಂತರು. ಮುಂದೆ ತುಂಗತ್ತೆ.

"ಡಾಕ್ಟ್ರೇ, ಹೋಗೋದೋ ಇರೋದೋ, ಎರಡ್ರಲ್ಲಿ ಒಂದು. ನಮಗೆ ಯಾವುದಾದ್ರೂ ಆದೀತು. ಆದ್ರೆ ಮನಸ್ಸು ಮಾಡೋದನ್ನ ನಮ್ಮ ಎರಕದ ಮನೇಲಿ ಬಂದು ಮಾಡ್ಬೇಕು."

"ತುಂಗಮ್ಮನೋರೇ, ನಾನಿನ್ನೂ ಯೋಚ್ನೆನೇ ಮಾಡಿಲ್ಲ."

"ಬಂದು ಕೂತ್ಕೊಂಡು ಮಾಡಿ. ಆದ್ರೆ ಒಂದು ಮಾತು ಈಗಲೇ ಹೇಳಿಬಿಡ್ತೀನಿ. ಇರ್ತೀನಿ ಅಂತ ಚಕ್ರ ಗಟ್ಟಿಮಾಡಿದ್ರೆ ಆಮೇಲೆ ಬಸ್ ಹತ್ತೋ ಹಾಗಿಲ್ಲ. ಹೋಗ್ತೀನಿ ಅಂತ ಗಟ್ಟಿಮಾಡಿದ್ರೆ ತಿರುಗಿ ಈ ಕಡೆ ತಲೆ ಹಾಕೋ ಹಾಗಿಲ್ಲ. ನೀವು ಸಾಯಂಕಾಲದ ಬಸ್ಸಲ್ಲಿ ವಾಪಸ್ ಬಂದಿಳಿದ್ರೆ, ಊರಿನ ನಲ್ಲಿ ಅವತ್ತೇ ಒಣಗುತ್ತೆ."

ಅವರು ನನ್ನ ಕಡೆ ನೋಡಿದರು. ನಾನು ಉಜ್ಜುಕಾಗದದ ಕಡೆ ನೋಡಿದೆ. ಹೋಗಬೇಡಿ ಎನ್ನಲು ನಾನು ಯಾರು ಎಂಬುದೊಂದು ಯೋಚನೆ, ಹೇಳಿದರೆ ಏನಂದುಕೊಳ್ಳುತ್ತಾರೋ ಎಂಬುದು ಇನ್ನೊಂದು. ಎರಡರ ನಡುವೆ ಹರಿದಾಡುತ್ತ, ಆಗಲೇ ನುಣ್ಣಗಾಗಿದ್ದ ತುಂಡನ್ನು ಮತ್ತೆ ತಿಕ್ಕತೊಡಗಿದೆ. ಅವರು ಹೋದರೆ ಮತ್ತೆ ಎಂದೂ ಬರಲಾರರು ಎಂಬುದು ಮಾತ್ರ ತಲೆಯಿಂದ ಇಳಿಯಲಿಲ್ಲ.

ಮರುದಿನದಿಂದ ಅವರು ತಂತಿ, ಉಷ್ಣಮಾಪಕ ಎಲ್ಲ ಹಿಡಿದುಕೊಂಡು ಎರಕದ ಮನೆಯಲ್ಲಿ ಕೂರತೊಡಗಿದರು. ಅವರ ಸ್ಟೂಲು ಬಡಗಣ ಕಿಟಕಿಯ ಕೆಳಗೆ. ನನ್ನದು ಎದುರುಗಡೆ, ತೆಂಕಣ ಬಾಗಿಲ ಹತ್ತಿರ. ನಡುವೆ ಚಕ್ರದ ಗುಂಡಿ. ಪಡುವಣ ಗೋಡೆಗೆ ಒರಗಿ ಮುದ್ದೀರಯ್ಯನವರು, ಮೂಡಣ ಕಡೆ ಕುಲುಮೆಯ ಹತ್ತಿರ ಅತ್ತೆ. ಮುದ್ದೀರಯ್ಯನವರಿಗೆ ತಪ್ಪಿತಸ್ಥ ಭಾವನೆ. ದಿನಾ ಎಲ್ಲರಿಗಿಂತ ಮೊದಲು ಬಂದು, ಒಂದೊಂದಾಗಿ ಏನೇನೋ ತ್ಯಾಗ ಮಾಡುತ್ತಿದ್ದರು. ಬೀಡಿ ಬಿಟ್ಟೆ, ರಾಜಕೀಯ ಬಿಟ್ಟೆ, ಕೋಪ ಬಿಟ್ಟೆ. ಯಾವುದಕ್ಕೂ ಕಂಚು ಮಿನುಗಲಿಲ್ಲ. "ನಿಮ್ಮ ಮಾತಿಗೆ ಕಾಲುಂಗುರಾನೂ ಗಟ್ಟಿಯಾಗಲ್ಲ, ಸುಮ್ನೆ ಕೂತ್ಕೊಳ್ಳಿ" ಎಂದು ಅತ್ತೆ ಗದರುತ್ತಿದ್ದಳು.

ಆ ಮಧ್ಯಾಹ್ನ ಜನ ಊಟಕ್ಕೆ ಹೋಗಿದ್ದರು. ಒಳಗೆ ಉಳಿದವರು ನಾವು ನಾಲ್ಕೇ ಮಂದಿ. ಫಣೀಂದ್ರ ಖಾನಾವಳಿಯ ಡಬ್ಬಿ ಬಿಚ್ಚಿ ಮಂಡಿಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು. ತಳ ಹಿಡಿದ ಅನ್ನ, ನೀರು ನೀರಾದ ಸಾರು. ನಾಲ್ಕನೆಯ ತುತ್ತಿಗೋ ಐದನೆಯದಕ್ಕೋ ಕಟ್ ಎಂದು ಸದ್ದಾಯಿತು. ಅವರು ಮುಖ ಸಿಂಡರಿಸಲಿಲ್ಲ, ಬೈಯಲಿಲ್ಲ. ಬಾಯಿಂದ ಕಲ್ಲನ್ನು ತೆಗೆದು ಡಬ್ಬಿಯ ಮುಚ್ಚಳದ ಅಂಚಿನಲ್ಲಿ ನೀಟಾಗಿ ಇಟ್ಟರು. ಅಲ್ಲಿ ಆಗಲೇ ಇನ್ನೊಂದೆರಡು ಕಲ್ಲುಗಳು ಸಾಲಾಗಿ ಕೂತಿದ್ದವು. ಇಷ್ಟು ವರ್ಷ ದಿನಾ ಹೀಗೇ ಕಲ್ಲು ಆರಿಸಿಕೊಂಡು ಉಂಡಿದ್ದಾರಲ್ಲ ಈ ಮನುಷ್ಯ, ಖಾನಾವಳಿಯವರಿಗೆ ಅಕ್ಕಿ ಆರಿಸಲು ಏನು ಧಾಡಿ, ನಾಳೆಯಿಂದ ನಾನೇ ಎರಡು ಪಾವು ಹಾಕಿದರಾಯಿತು ಎಂದುಕೊಂಡು, ಮೊಂಡಾಗಿದ್ದ ಪೆನ್ಸಿಲನ್ನು ಚೂಪು ಮಾಡಲು ತಲೆ ತಗ್ಗಿಸಿದೆ.

ಝಗ್ ಎಂದಿತು. ಬಾಳೆಲೆ ಸುಟ್ಟು ಸುರುಟಿತು. ಇಡೀ ಎರಕದ ಮನೆ ಕೆಂಪಾಗಿ, ಬಿಸಿ ನಮ್ಮ ಮುಖಕ್ಕೆ ಹೊಡೆಯಿತು. ಕಣ್ಣು ಬಿಡುವಷ್ಟರಲ್ಲಿ ಚಕ್ರ ಗಟ್ಟಿಯಾಗಿತ್ತು. ಅತ್ತೆ ಓಡಿಬಂದು ಇಕ್ಕಳದಿಂದ ಬಡಿದಳು. ಗಂಟೆಯ ಹಾಗೆ ನಾದ ಬಂತು, ಎಲ್ಲೂ ಟೊಳ್ಳಿಲ್ಲ. ಮೂವರೂ ಫಣೀಂದ್ರ ಅವರ ಕಡೆ ತಿರುಗಿದೆವು. ಅವರು ತುತ್ತು ಹಿಡಿದ ಕೈ ಹಾಗೇ ಮೇಲಿತ್ತು.

"ನಾನಲ್ಲ" ಎಂದರು.

"ನೀವಲ್ದೆ ಇನ್ಯಾರು ಡಾಕ್ಟ್ರೇ? ಇರೋದೋ ಹೋಗೋದೋ ಅಷ್ಟು ಹೇಳಿ, ಕೆತ್ತಬೇಕು."

"ನಿಜವಾಗ್ಲೂ ನಾನಲ್ಲ. ನಾನು ಊಟ ಮಾಡ್ತಿದ್ದೆ."

"ನಾನೇ ಇರ್ಬೇಕು" ಎಂದು ಮುದ್ದೀರಯ್ಯನವರು ಎದೆ ಮುಟ್ಟಿಕೊಂಡರು. ಅತ್ತೆ ಅವರ ಕಡೆ ತಿರುಗದೆ ಚಕ್ರವನ್ನು ಇನ್ನೊಮ್ಮೆ ಬಡಿದು ನೋಡಿದಳು.

ಎರಡು ದಿನದಲ್ಲಿ ಚಕ್ರ ಪಂಪಿಗೆ ಏರಿತು, ನಲ್ಲಿಗಳಲ್ಲಿ ನೀರು ಬಂತು. ಜನ ಮೊದಲ ದಿನ ಕೊಡ ತುಂಬಿಕೊಂಡರು, ಎರಡನೆಯ ದಿನ ಒಬ್ಬರ ಮೇಲೊಬ್ಬರು ಎರಚಾಡಿಕೊಂಡರು, ಮೂರನೆಯ ದಿನದಿಂದ ಡಾಕ್ಟರು ಏನು ನಿರ್ಧಾರ ಮಾಡಿದ್ದಾರೆ ಎಂಬ ಚರ್ಚೆ ಹತ್ತಿಕೊಂಡಿತು. ಹೇಳಲು ಸಂಕೋಚಪಡುತ್ತಿದ್ದಾರೆ ಎಂದರೆ ಹೋಗುವುದೇ ಇರಬೇಕು, ಇರುವುದಾದರೆ ಬಾಯಿ ಬಿಟ್ಟು ಹೇಳುತ್ತಿದ್ದರಲ್ಲ ಎಂದು ಕ್ಷೌರದಂಗಡಿಯವರು ವಾದ ಕಟ್ಟಿದರು. ನನಗೂ ಹಾಗೇ ಅನಿಸಿತು. ಅವರು ಆಗಲೇ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ ನೆಲದ ಮೇಲೆ ಜೋಡಿಸುತ್ತಿದ್ದರು. ಕೇಳಿದರೆ ಗೆದ್ದಲು ನೋಡುತ್ತಿದ್ದೇನೆ ಎಂದರು. ಗೆದ್ದಲು ನೋಡಲು ಇವರಿಗೆ ಇಷ್ಟು ವರ್ಷ ಪುರಸೊತ್ತಿರಲಿಲ್ಲವೇ ಎಂದು ನನಗೆ ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ಅಳುವೂ ಬಂತು. ಮುಖ ತೊಳೆಯುವ ನೆಪದಲ್ಲಿ ಹೋಗಿ ಹೊಸದಾಗಿ ನೀರು ಬಂದಿದ್ದ ನಲ್ಲಿಯ ಕೆಳಗೆ ಒಂದಿಷ್ಟು ಅತ್ತು ಬಂದೆ. ಚಕ್ರ ಗಟ್ಟಿಯಾದ ಮರುದಿನದಿಂದ ನಾನು ಎರಡು ಪಾವು ಅಕ್ಕಿ ಹಾಕುತ್ತಿದ್ದದ್ದು ನಿಜ, ಅವರ ಪಾಲನ್ನು ಡಬ್ಬಿಗೆ ತುಂಬಿ ಮೇಜಿನ ಮೇಲಿಡುತ್ತಿದ್ದದ್ದೂ ನಿಜ. ಖಾನಾವಳಿಯ ಅನ್ನದಲ್ಲಿ ಕಲ್ಲಿರುತ್ತದೆ ಎಂದಷ್ಟೇ ಹೇಳಿದ್ದೆ. ಅವರೂ ಕನ್ನಡಕ ಒರೆಸಿಕೊಂಡು ಉಂಡಿದ್ದರು.

ಎಷ್ಟು ದಿನ ಹೀಗೆ ಒದ್ದಾಡುವುದು ಎಂದು ಕೊನೆಗೆ ಅತ್ತೆಯ ಹತ್ತಿರ ಹೋದೆ. ಎರಕ ಹೊಯ್ಯುವಾಗ ಅಚ್ಚಿನ ಬಾಯಲ್ಲಿ ಮುಷ್ಟಿಯಷ್ಟು ಲೋಹ ಹೆಚ್ಚಾಗಿ ಉಳಿಯುತ್ತದೆ. ಅದನ್ನು ಕತ್ತರಿಸಿ ತೆಗೆದಿಡುತ್ತಾರೆ. ಅಚ್ಚು ಕಟ್ಟುವ ಅಭ್ಯಾಸದ ಮೇಲೆ ಅತ್ತೆ ಅದರ ಬಡಗಣ ಬದಿಗೆ ಒಂದು ಗೀರು ಹಾಕಿಯೇ ಇರುತ್ತಾಳೆ. ಅದು ಪಾತ್ರೆಯಲ್ಲ, ಆದ್ದರಿಂದ ಪುರಸಭೆಯ ಠರಾವಿಗೂ ಬರುವುದಿಲ್ಲ.

"ಕೊಯ್ದು ನೋಡಿ ಏನ್ ಮಾಡ್ತೀಯ?" ಎಂದು ಅತ್ತೆ ಕೇಳಿದಳು.

"ಅವರು ಮಾಡಿದ್ದು ಹೌದೋ ಅಲ್ವೋ ಗೊತ್ತಾಗುತ್ತಲ್ಲ."

"ಹೋಗ್ತೀನಿ ಅಂತಲೋ ಇರ್ತೀನಿ ಅಂತಲೋ ಅನ್ನೋದು ಹರಳಲ್ಲಿ ಕಾಣುತ್ತಾ?"

"ಕಾಣಲ್ಲ."

"ಹಾಗಾದ್ರೆ ಬಾಯಲ್ಲಿ ಕೇಳೋದು ಸುಲಭ ಅಲ್ವೇನೇ" ಎಂದು ಗೊಣಗುತ್ತ ಅವಳು ಲೋಹದ ಉಂಡೆಯನ್ನು ನನ್ನ ಸೆರಗಿಗೆ ಹಾಕಿದಳು.

ಕಚೇರಿಗೆ ತಂದು ಕೊಯ್ದೆ. ಇಷ್ಟು ವರ್ಷಗಳಲ್ಲಿ ಯಾವ ತುಂಡನ್ನೂ ಅಷ್ಟು ಜೋಪಾನವಾಗಿ ತಿಕ್ಕಿರಲಿಲ್ಲ. ಆಸಿಡ್ ಸವರಿ, ತೊಳೆದು, ಒರೆಸಿ, ಗೀರಿದ್ದ ಬದಿಯನ್ನು ಮೇಲ್ಗಡೆ ಮಾಡಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಬಡಗಣ ಕಿಟಕಿಯ ಕಡೆಯಿಂದ ಒಂದು ಕಾಂಡವೂ ಹೊರಟಿರಲಿಲ್ಲ. ಅವರು ಹೇಳಿದ್ದು ನಿಜವಾಗಿತ್ತು. ಎದೆಯ ಮೇಲಿನ ಭಾರ ಇಳಿಯಿತು, ಹಾಗಾದರೆ ಮುದ್ದೀರಯ್ಯನವರೇ ಮಾತಿನ ಮನುಷ್ಯರಾಗಿಬಿಟ್ಟರೇ ಎಂದು ನಗುವೂ ಬಂತು. ಪಡುವಣದಿಂದಲೂ ಇಲ್ಲ. ಕುಲುಮೆಯ ಕಡೆಯಿಂದಲೂ ಇಲ್ಲ. ತುಂಡನ್ನು ಮೆಲ್ಲಗೆ ಸರಿಸಿದೆ. ಹರಳುಗಳೆಲ್ಲ ತೆಂಕಣ ಬಾಗಿಲ ಕಡೆಯಿಂದ ಹೊರಟು, ಒಂದರ ಪಕ್ಕ ಒಂದು, ಸಂಕೋಚವಿಲ್ಲದೆ, ನೇರವಾಗಿ ಕಿಟಕಿಯ ಕಡೆಗೆ ಬೆಳೆದಿದ್ದವು.

ಬಾಗಿಲ ಹತ್ತಿರ ಕೂತಿದ್ದವಳು ನಾನೊಬ್ಬಳೇ.

ತುಂಡನ್ನು ತಿರುಗಿಸಿಟ್ಟೆನೇನೋ ಎಂದು ಗೀರನ್ನು ಮತ್ತೆ ನೋಡಿದೆ. ಸರಿಯಾಗೇ ಇತ್ತು. ನಾನು ಯಾವ ನಿರ್ಧಾರವನ್ನೂ ಮಾಡಿರಲಿಲ್ಲ, ಮಾಡುವ ಜಾಯಮಾನವೇ ನನ್ನದಲ್ಲ, ಪೆನ್ಸಿಲ್ ಚೂಪು ಮಾಡುತ್ತಿದ್ದೆ. ಅದಕ್ಕೆ ಮುಂಚೆ ಅಕ್ಕಿಯ ವಿಚಾರ ಏನೋ ಅಂದುಕೊಂಡೆ. ನಾಳೆಯಿಂದ ಎರಡು ಪಾವು. ಅಷ್ಟೇ ಅಂದುಕೊಂಡದ್ದು. ಚಪ್ಪಲಿ ಎಡಗಡೆ ಬಿಡುತ್ತೇನೆ ಎಂದ ಮುದುಕನ ನೆನಪಾಗಿ ನನಗೆ ಅಲ್ಲೇ ಸ್ಟೂಲಿನ ಮೇಲೆ ಬೆವರಿತು. ಎಷ್ಟು ದಿನಕ್ಕೆ ಎಂದು ನಾನು ಅಂದುಕೊಂಡಿರಲಿಲ್ಲ. ಲೋಹ ಅದನ್ನು ಇಡೀ ಜೀವಮಾನಕ್ಕೆ ಎಂದು ತಿಳಿದಿತ್ತು, ಅದು ತಿಳಿದದ್ದೇ ಸರಿಯಾಗಿತ್ತು.

ಆಮೇಲೆ ಹೊಳೆಯಿತು ನನ್ನ ಫಜೀತಿ. ಊರಿನ ನೀರು ಈಗ ನನ್ನ ಅಕ್ಕಿಯ ಮೇಲೆ ನಿಂತಿತ್ತು. ಈ ಮನುಷ್ಯ ಪುಸ್ತಕ ಕಟ್ಟಿಕೊಂಡು ರಾಜಧಾನಿಯ ಬಸ್ ಹತ್ತಿದರೂ ನಾನು ಮಾತ್ರ ದಿನಾ ಎರಡು ಪಾವು ಬೇಯಿಸಿ, ಒಂದು ಪಾಲು ನಾನುಂಡು ಇನ್ನೊಂದನ್ನು ಕಾಗೆಗಳಿಗೆ ಹಾಕುತ್ತ, ಊರಿಗೆಲ್ಲ ನೀರು ಕುಡಿಸಿಕೊಂಡು ಮುದುಕಿಯಾಗಬೇಕು. ಒಂದು ದಿನ ಬೇಸರವಾಗಿ ಒಂದೇ ಪಾವು ಹಾಕಿದರೆ ಪಂಪು ನಿಲ್ಲುತ್ತದೆ, ಜನ ಕೊಡ ಹಿಡಿದುಕೊಂಡು ನನ್ನ ಮನೆ ಮುಂದೆ ಬರುತ್ತಾರೆ. ಇದನ್ನು ಹೇಳದೆ ವಿಧಿಯಿರಲಿಲ್ಲ. ಲೋಹದ ತುಂಡನ್ನು ಕೈಯಲ್ಲಿ ಹಿಡಿದು ಪಕ್ಕದ ಕೋಣೆಗೆ ಹೋದೆ.

ಫಣೀಂದ್ರ ನೆಲದ ಮೇಲೆ ಪುಸ್ತಕಗಳ ನಡುವೆ ಕೂತಿದ್ದರು. ನಿಜವಾಗಿಯೂ ಗೆದ್ದಲು ಹತ್ತಿತ್ತು, ಒಂದು ಹಳೆಯ ಕುಂಚದಿಂದ ಕೊಡವುತ್ತಿದ್ದರು. ಮೇಜಿನ ಮೇಲೆ ಬಟ್ಟಲಿನ ಕಂಚು ಎಂದಿನ ಹಾಗೆ ತೆಳ್ಳಗೆ ನಡುಗುತ್ತಿತ್ತು. ಪಕ್ಕದಲ್ಲಿ ನಾನು ಕಟ್ಟಿಕೊಟ್ಟಿದ್ದ ಡಬ್ಬಿ, ತೊಳೆದು ಬೋರಲು ಹಾಕಿತ್ತು.

"ಸರ್, ಚಕ್ರ ಗಟ್ಟಿಯಾಗಿದ್ದು ನಿಮ್ಮಿಂದ ಅಲ್ಲ" ಎಂದೆ.

"ಅದನ್ನೇ ಅಲ್ವಾ ನಾನು ಎಲ್ಲರಿಗೂ ಹೇಳ್ತಿರೋದು."

"ನನ್ನಿಂದ."

ಅವರು ಕುಂಚ ಕೆಳಗಿಟ್ಟು ತುಂ‌ಡನ್ನು ಇಸಿದುಕೊಂಡರು. ಕಿಟಕಿಯ ಬೆಳಕಿಗೆ ಹಿಡಿದು, ಗೀರು ನೋಡಿ, ಕನ್ನಡಕ ತೆಗೆದು ಜೇಬಿನ ಭೂತಗನ್ನಡಿಯಿಂದ ಇನ್ನೊಮ್ಮೆ ನೋಡಿದರು. "ಚೆನ್ನಾಗಿ ಬೆಳೆದಿವೆ" ಎಂದರು. ಅವರ ದನಿ ಸ್ವಲ್ಪ ಬೇರೆಯಾಗಿತ್ತು. "ಅಂಬುಜಾ ಅವರೇ, ನೀವು ಏನಂತ ನಿರ್ಧಾರ ಮಾಡಿದ್ರಿ?"

ಹೇಳಬಾರದಿತ್ತು, ಹೇಳದೆ ಇರಲೂ ಆಗುತ್ತಿರಲಿಲ್ಲ. "ಅಕ್ಕಿ" ಎಂದೆ. "ದಿನಾ ಒಂದು ಪಾವು ಹಾಕ್ತಿದ್ದೆ. ಇನ್ಮೇಲೆ ಎರಡು ಪಾವು ಹಾಕೋಣ ಅಂತ. ಅಷ್ಟೇ ಅಂದ್ಕೊಂಡಿದ್ದು ಸರ್, ಬೇರೇನೂ ಅಂದ್ಕೊಂಡಿರ್ಲಿಲ್ಲ. ಅದಕ್ಕೇ ಅಷ್ಟು ದೊಡ್ಡ ಚಕ್ರ ಗಟ್ಟಿಯಾಗ್ಬಿಟ್ಟಿದೆ. ನೀವು ಹೋಗೋದಾದ್ರೆ ಹೋಗಿ. ನಾನು ಹೇಗೋ ಬೇಯಿಸ್ತೀನಿ."

ಅವರು ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ಹೊರಗೆ ಯಾರೋ ನಲ್ಲಿಯ ಕೆಳಗೆ ಕೊಡ ಇಟ್ಟ ಸದ್ದಾಯಿತು. ಕೊಡ ತುಂಬುತ್ತ ತುಂಬುತ್ತ ಅದರ ಸ್ವರ ಸಣ್ಣದಾಗುವುದು ಕೇಳಿಸುತ್ತಿತ್ತು. ನಾನು ಇನ್ನು ಇಲ್ಲಿ ನಿಲ್ಲುವುದರಲ್ಲಿ ಅರ್ಥವಿಲ್ಲ ಎಂದು ತಿರುಗಿದೆ.

ಆಗ ಮೇಜಿನ ಮೇಲಿನ ಬಟ್ಟಲು ಝಗ್ಗನೆ ಹೊಳೆಯಿತು. ಸುಣ್ಣದ ಗೋಡೆಗಳೆಲ್ಲ ಕೆಂಪಾದವು. ಇಷ್ಟು ವರ್ಷ ಯಾರಿಗೂ ಬಗ್ಗದಿದ್ದ ಕಂಚು ಟಿಣ್ ಎಂದು ಒಂದು ಸಣ್ಣ ಸದ್ದು ಮಾಡಿ ನಿಂತುಬಿಟ್ಟಿತು. ಹೋಗುವುದೋ ಇರುವುದೋ, ಯಾವುದು ಎಂದು ತಿಳಿಯದೆ ಬಾಗಿಲ ಚೌಕಟ್ಟು ಹಿಡಿದು ನಿಂತೆ.

"ಎರಡು ಪಾವು ಸಾಲೋದಿಲ್ಲ ಅಂಬುಜಾ" ಎಂದರು ಫಣೀಂದ್ರ, ಕನ್ನಡಕ ಒರೆಸಿಕೊಳ್ಳುತ್ತ. "ನಾನು ರಾತ್ರಿ ಸ್ವಲ್ಪ ಜಾಸ್ತಿ ಉಣ್ತೀನಿ."

ಚಕ್ರದ ಮೇಲೆ ಏನು ಕೆತ್ತಬೇಕೆಂದು ಅತ್ತೆ ಕೇಳಿದಾಗ ಅಕ್ಕಿ ಎಂದಷ್ಟೇ ಕೆತ್ತು ಎಂದೆ. ಅವಳು ನನ್ನ ಮುಖ ನೋಡಿ ಉಳಿ ಎತ್ತಿಕೊಂಡಳು. ಈಗ ನಮ್ಮ ಮನೆಯಲ್ಲಿ ಎರಡೂವರೆ ಪಾವು ಬೇಯುತ್ತದೆ, ಹೆಚ್ಚಾದರೆ ಚಕ್ರಕ್ಕೆ ತೊಂದರೆಯಿಲ್ಲ, ಕಡಿಮೆ ಮಾತ್ರ ಆಗಬಾರದು. ಬಟ್ಟಲಿನ ಕಂಚು ಅಡುಗೆ ಮನೆಯ ಕಿಟಕಿಯಲ್ಲಿದೆ. ಊರಿನ ಲೋಹವನ್ನೆಲ್ಲ ಕೊಯ್ದು ನೋಡುವ ನಾವಿಬ್ಬರೂ ಅದೊಂದನ್ನು ಮಾತ್ರ ಕೊಯ್ದಿಲ್ಲ.